ಎಐ ಏಜೆಂಟ್ ತನ್ನ ಕೆಲಸವನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಎಐ ಏಜೆಂಟ್, ಅಂದರೆ ಕೊಟ್ಟ ಕೆಲಸವನ್ನು ತಾನೇ ಹೆಜ್ಜೆಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಂ, ಒಂದು ಕೆಲಸ ಮುಗಿಸಿದ ಮೇಲೆ "ಇನ್ನೊಮ್ಮೆ ನೋಡು, ತಪ್ಪಿದ್ದರೆ ತಿದ್ದು" ಎಂದು ಹೇಳಿ ನೋಡಿ. "ಕ್ಷಮಿಸಿ, ಗಮನಿಸಿರಲಿಲ್ಲ" ಎಂದು ಶುರು ಮಾಡಿ, ಅದು ಏನೋ ಒಂದನ್ನು ಬದಲಿಸಿ ಕೊಡುತ್ತದೆ. ನಮಗೂ ಸಮಾಧಾನ. ಆದರೆ ಬದಲಾದದ್ದು ನಿಜಕ್ಕೂ ತಪ್ಪಾಗಿತ್ತಾ, ಇಲ್ಲ ಸರಿ ಇದ್ದದ್ದೇ ಕೆಟ್ಟುಹೋಯಿತಾ ಅಂತ ಯಾರೂ ನೋಡಿರುವುದಿಲ್ಲ.

2023ರಲ್ಲಿ ಗೂಗಲ್ ಡೀಪ್‌ಮೈಂಡ್ ಮತ್ತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಅಳೆದು ನೋಡಿದರು. ಶಾಲಾ ಮಟ್ಟದ ಲೆಕ್ಕಗಳಲ್ಲಿ ಜಿಪಿಟಿ-4 ಎಂಬ ಭಾಷಾ ಮಾಡೆಲ್ (ಪಠ್ಯ ಓದಿ ಬರೆಯುವ ಎಐ) ಮೊದಲ ಸಲಕ್ಕೇ ಶೇ 95.5ರಷ್ಟು ಸರಿ ಉತ್ತರ ಕೊಟ್ಟಿತ್ತು. ಹೊರಗಿನಿಂದ ಯಾವ ಸುಳಿವೂ ಕೊಡದೆ "ನಿನ್ನ ಉತ್ತರವನ್ನು ಪರಿಶೀಲಿಸು" ಎಂದಾಗ ಅದು 91.5ಕ್ಕೆ ಇಳಿಯಿತು. ಇನ್ನೊಂದು ಸುತ್ತು ಹೇಳಿದಾಗ 89. ತಿದ್ದುತ್ತಾ ತಿದ್ದುತ್ತಾ ಕೆಟ್ಟಿತು.

ಅದೇ ವರ್ಷ ಬಂದ ಸೆಲ್ಫ್-ರಿಫೈನ್ ಎಂಬ ಇನ್ನೊಂದು ಸಂಶೋಧನೆ ಬೇರೆಯೇ ಕಥೆ ಹೇಳಿತು. ಮಾಡೆಲ್ ತಾನೇ ಬರೆದು, ತಾನೇ ವಿಮರ್ಶಿಸಿ, ತಾನೇ ತಿದ್ದಿದರೆ 7 ಬಗೆಯ ಕೆಲಸಗಳಲ್ಲಿ ಸರಾಸರಿ ಶೇ 20ರಷ್ಟು ಸುಧಾರಣೆ ಕಾಣಿಸಿತು. ಹಾಗಾದರೆ ಯಾವುದು ನಿಜ? ಎರಡೂ ನಿಜವೇ. ಸೆಲ್ಫ್-ರಿಫೈನ್ ಗೆದ್ದದ್ದು ಸಂಭಾಷಣೆಯನ್ನು ಚಂದ ಮಾಡು, ಕೊಟ್ಟ ಪದಗಳನ್ನೆಲ್ಲ ಬಳಸಿ ವಾಕ್ಯ ಬರೆ ಎಂಬಂಥ ಕೆಲಸಗಳಲ್ಲಿ. ಕೊರತೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ಲೆಕ್ಕದಲ್ಲಿ ಮಾತ್ರ ಲಾಭ ಹೆಚ್ಚುಕಡಿಮೆ ಇರಲೇ ಇಲ್ಲ. ಅಲ್ಲಿ ಶೇ 94 ಸಲ ಚಾಟ್‌ಜಿಪಿಟಿಯ ವಿಮರ್ಶೆ "ಎಲ್ಲಾ ಸರಿಯಾಗಿದೆ" ಎಂದೇ ಇತ್ತು.

ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಏಜೆಂಟ್ ಚೆನ್ನಾಗಿಯೇ ತಿದ್ದುತ್ತದೆ. ಗೊತ್ತಾಗುವುದೇ ಕಷ್ಟ. ಹಾಗಾಗಿ ಈ ಇಡೀ ಮಾರ್ಗದರ್ಶಿ ಒಂದೇ ಕೆಲಸದ ಸುತ್ತ ಇದೆ: ಏಜೆಂಟ್‌ಗೆ ತನ್ನ ಅಭಿಪ್ರಾಯದ ಹೊರಗಿನ ಒಂದು ಆಧಾರ ಕೊಡುವುದು. ಓಡಿಸಿ ನೋಡುವ ಟೆಸ್ಟ್ ಇರಬಹುದು, ಮೂಲ ದಾಖಲೆ ಇರಬಹುದು, ಬೇರೆಯವರ ಕಣ್ಣು ಇರಬಹುದು.

ನಾವು ಹಿಡಿಯುವ ಉದಾಹರಣೆ

ಏಜೆಂಟ್ ಅಂದರೆ ಇಲ್ಲಿ ಇಷ್ಟೇ: ಒಂದು ಭಾಷಾ ಮಾಡೆಲ್, ಅದರ ಕೈಗೆ ಕೆಲವು ಸಾಧನಗಳು (ಕೋಡ್ ಓಡಿಸುವುದು, ಫೈಲ್ ಓದುವುದು, ಹುಡುಕುವುದು), ಮತ್ತು ಕೆಲಸ ಮುಗಿಯುವವರೆಗೆ ಸುತ್ತುವ ಒಂದು ಲೂಪ್. ಯೋಚಿಸು, ಮಾಡು, ಏನಾಯಿತು ನೋಡು, ಮತ್ತೆ ಯೋಚಿಸು. 2022ರಲ್ಲಿ ಬಂದ ರಿಯಾಕ್ಟ್ ಎಂಬ ವಿಧಾನ ಈ ಲೂಪನ್ನು ಜನಪ್ರಿಯ ಮಾಡಿತು.

ನಮ್ಮ ಏಜೆಂಟ್‌ಗೆ ಕೊಡುವ ಕೆಲಸ: ಅಂಕಿಯಲ್ಲಿರುವ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ಪ್ರೋಗ್ರಾಂ. ಸೊಸೈಟಿ ರಸೀದಿಯಲ್ಲೋ ಚೆಕ್ಕಿನಲ್ಲೋ ಬರೆಯುತ್ತೇವಲ್ಲ, "ಒಂದು ಲಕ್ಷದ ಇಪ್ಪತ್ತೈದು ಸಾವಿರದ ನಾನೂರ ಐವತ್ತು ರೂಪಾಯಿ ಮಾತ್ರ" ಎಂದು, ಅದು. ಸುಲಭದ ಕೆಲಸ ಅನ್ನಿಸುತ್ತದೆ. ಆದರೆ ಏಜೆಂಟ್ ತನ್ನನ್ನು ತಾನು ನಂಬಿ ಮೋಸಹೋಗುವ ಜಾಗಗಳೆಲ್ಲ ಇದರಲ್ಲಿವೆ. 200ಕ್ಕೆ "ಎರಡು ನೂರು" ಅಲ್ಲ, "ಇನ್ನೂರು". 900ಕ್ಕೆ "ಒಂಬೈನೂರು". ನಂತರ ಇನ್ನೇನಾದರೂ ಅಂಕಿ ಬಂದರೆ "ನೂರು" ಹೋಗಿ "ನೂರ" ಆಗುತ್ತದೆ, "ಸಾವಿರ" ಹೋಗಿ "ಸಾವಿರದ" ಆಗುತ್ತದೆ. ಇಂಗ್ಲಿಷ್ ಲೆಕ್ಕದ ಅಭ್ಯಾಸ ಇರುವ ಮಾಡೆಲ್ 1,25,000ವನ್ನು "ನೂರ ಇಪ್ಪತ್ತೈದು ಸಾವಿರ" ಎಂದು ಬರೆದು ಆರಾಮಾಗಿ ಕೂತುಬಿಡಬಹುದು.

ಹಂತ 1: "ಸರಿ" ಅಂದರೆ ಏನು ಎಂದು ಮೊದಲೇ ಬರೆದಿಡಿ

ಏಜೆಂಟ್ ಒಂದು ಸಾಲು ಕೋಡ್ ಬರೆಯುವ ಮೊದಲು ಈ ಕೆಲಸ ಆಗಬೇಕು. ಆಮೇಲೆ ಬರೆದರೆ ಬಂದ ಉತ್ತರಕ್ಕೆ ತಕ್ಕಂತೆ ಅಳತೆಗೋಲು ಬಾಗುತ್ತದೆ. ಇದು ಮನುಷ್ಯರ ವಿಷಯದಲ್ಲೂ ನಿಜ, ಏಜೆಂಟ್ ವಿಷಯದಲ್ಲಿ ಇನ್ನೂ ಜಾಸ್ತಿ.

ನಮ್ಮ ಕೆಲಸಕ್ಕೆ "ಸರಿ" ಅಂದರೆ ಕೈಯಿಂದ ಬರೆದ ಒಂದು ಪಟ್ಟಿ. ಕನ್ನಡ ಬಲ್ಲ ಮನುಷ್ಯರೇ ಕೂತು ಬರೆಯಬೇಕು, ಏಜೆಂಟ್ ಕೈಲಿ ಬರೆಸಬಾರದು. ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ. ಪಟ್ಟಿ ಉದ್ದ ಇರಬೇಕಿಲ್ಲ, ಮೂಲೆಗಳನ್ನು ಮುಟ್ಟಬೇಕು:

0 – ಸೊನ್ನೆ
19 – ಹತ್ತೊಂಬತ್ತು
100 – ನೂರು
101 – ನೂರ ಒಂದು
999 – ಒಂಬೈನೂರ ತೊಂಬತ್ತೊಂಬತ್ತು
1,205 – ಒಂದು ಸಾವಿರದ ಇನ್ನೂರ ಐದು
1,00,000 – ಒಂದು ಲಕ್ಷ
2,03,405 – ಎರಡು ಲಕ್ಷದ ಮೂರು ಸಾವಿರದ ನಾನೂರ ಐದು
1,00,00,000 – ಒಂದು ಕೋಟಿ

ಇದನ್ನು ಬರೆಯುವಾಗಲೇ ನಿರ್ಧಾರಗಳು ಎದುರಾಗುತ್ತವೆ. 1,000ಕ್ಕೆ "ಸಾವಿರ" ಸಾಕಾ, "ಒಂದು ಸಾವಿರ" ಬೇಕಾ? 500ಕ್ಕೆ "ಐನೂರು" ಮಾತ್ರವಾ, "ಐದುನೂರು" ಕೂಡ ಆಗುತ್ತಾ? ಎರಡೂ ಬಳಕೆಯಲ್ಲಿವೆ. ಆದರೆ ರಸೀದಿಯಲ್ಲಿ ಒಂದೇ ರೀತಿ ಇರಬೇಕು. ನೀವು ತೀರ್ಮಾನಿಸಿ ಬರೆದಿಡದಿದ್ದರೆ ಏಜೆಂಟ್ ತಾನೇ ತೀರ್ಮಾನಿಸುತ್ತದೆ. ರಿವ್ಯೂ ಸುತ್ತಿನಲ್ಲಿ ಆ ತೀರ್ಮಾನವನ್ನು ಬದಲಿಸುತ್ತದೆ. ಮುಂದಿನ ಸುತ್ತಿನಲ್ಲಿ ವಾಪಸ್ ತರುತ್ತದೆ. ಕೊನೆಯಿಲ್ಲದೆ ಸುತ್ತುವ ಲೂಪ್‌ಗಳಲ್ಲಿ ಎಷ್ಟೋ ಇಂಥವೇ.

ಈ ಪಟ್ಟಿಯ ಅರ್ಧವನ್ನು ಏಜೆಂಟ್‌ಗೆ ಕೊಡಿ. ಇನ್ನರ್ಧ ನಿಮ್ಮ ಹತ್ತಿರವೇ ಇರಲಿ. ಅದು ಏಳನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 2: ಮೊದಲ ಡ್ರಾಫ್ಟ್ ಬರಲಿ, ಅದನ್ನು ಎತ್ತಿಡಿ

ಈ ಹಂತದಲ್ಲಿ ಹೇಳುವುದು ಜಾಸ್ತಿ ಇಲ್ಲ. ಏಜೆಂಟ್ ಬರೆಯಲಿ. ಬರೆದದ್ದನ್ನು ಬೇರೆ ಫೈಲಾಗಿ ಉಳಿಸಿ. ಗಿಟ್ ಬಳಸುವವರಾದರೆ ಪ್ರತಿ ಸುತ್ತಿಗೂ ಒಂದು ಕಮಿಟ್ ಇರಲಿ. ನಾಲ್ಕನೇ ಡ್ರಾಫ್ಟ್‌ಗಿಂತ ಎರಡನೆಯದೇ ಚೆನ್ನಾಗಿತ್ತು ಅನ್ನುವುದು ತುಂಬಾ ಸಾಮಾನ್ಯ. ಆಗ ವಾಪಸ್ ಹೋಗಲು ದಾರಿ ಬೇಕು.

ಹಂತ 3: ಅಭಿಪ್ರಾಯ ಕೇಳುವ ಮೊದಲು ಓಡಿಸಿ ನೋಡಿ

ಮೊದಲ ರಿವ್ಯೂ ಯಂತ್ರದ್ದು, ಮಾತಿನದ್ದಲ್ಲ. ಕೋಡ್ ಓಡುತ್ತದಾ? ಪಟ್ಟಿಯ ಉತ್ತರಗಳು ಬರುತ್ತಿವೆಯಾ? ಇದಕ್ಕೆ ಖರ್ಚು ಕಡಿಮೆ, ಬರುವ ಉತ್ತರದಲ್ಲಿ ಅನುಮಾನಕ್ಕೆ ಜಾಗವೂ ಕಡಿಮೆ. "1,205ಕ್ಕೆ 'ಒಂದು ಸಾವಿರದ ಎರಡು ನೂರ ಐದು' ಬಂತು, 'ಒಂದು ಸಾವಿರದ ಇನ್ನೂರ ಐದು' ಬರಬೇಕಿತ್ತು" ಎಂಬ ಸಾಲು ಏಜೆಂಟ್ ಕೈಗೆ ಸಿಕ್ಕರೆ ಅದು ತಕ್ಷಣ ತಿದ್ದುತ್ತದೆ. ಸುಮ್ನೆ "ಚೆನ್ನಾಗಿ ನೋಡು" ಎಂದರೆ ಈ ತಪ್ಪು ಅದರ ಕಣ್ಣಿಗೆ ಬೀಳದೇ ಹೋಗಬಹುದು. ಯಾಕೆಂದರೆ "ಎರಡು ನೂರು" ಎಂದು ಬರೆದದ್ದೇ ಅದು.

ಪಟ್ಟಿಯ ಜೊತೆಗೆ ಇನ್ನೆರಡು ಯಾಂತ್ರಿಕ ಪರೀಕ್ಷೆಗಳನ್ನು ಸೇರಿಸಬಹುದು. ಒಂದು, ಎರಡು ಬೇರೆ ಸಂಖ್ಯೆಗಳಿಗೆ ಒಂದೇ ಉತ್ತರ ಬರಬಾರದು. 1ರಿಂದ 1 ಲಕ್ಷದವರೆಗೆ ಎಲ್ಲವನ್ನೂ ಓಡಿಸಿ ನೋಡಲು ಕಂಪ್ಯೂಟರ್‌ಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇನ್ನೊಂದು, ಹೋಗಿ ಬರುವ ಪರೀಕ್ಷೆ: ಅಕ್ಷರದಿಂದ ಅಂಕಿಗೆ ತಿರುಗಿಸುವ ಇನ್ನೊಂದು ಪ್ರೋಗ್ರಾಂ ಬರೆಸಿ, 2,03,405 ಹೋಗಿ 2,03,405 ಆಗಿಯೇ ವಾಪಸ್ ಬರುತ್ತದಾ ನೋಡುವುದು. ನಡುವೆ ಸೊನ್ನೆ ಬಂದಾಗ ಆಗುವ ಎಡವಟ್ಟುಗಳು ಇದರಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತವೆ.

ಆದರೆ ಈ ಎರಡನೇ ಪರೀಕ್ಷೆಯ ಮಿತಿ ನೋಡಿ. "ಎರಡು ನೂರು" ಎಂದು ಬರೆಯುವ ಏಜೆಂಟ್, ಓದುವ ಪ್ರೋಗ್ರಾಂನಲ್ಲೂ "ಎರಡು ನೂರು" ಎಂದೇ ನಿರೀಕ್ಷಿಸುತ್ತದೆ. ಹೋಗುವಾಗಲೂ ತಪ್ಪು, ಬರುವಾಗಲೂ ಅದೇ ತಪ್ಪು. ಪರೀಕ್ಷೆ ಪಾಸ್! ಬರೆದವರೇ ಪರೀಕ್ಷೆಯನ್ನೂ ಬರೆದರೆ ಇದೇ ಗತಿ. ಅದಕ್ಕೇ ಮೊದಲ ಹಂತದಲ್ಲಿ ಪಟ್ಟಿಯನ್ನು ಮನುಷ್ಯರೇ ಬರೆಯಬೇಕು ಎಂದದ್ದು.

ಇದು ಬರೀ ಊಹೆಯಲ್ಲ. 2023ರ ರಿಫ್ಲೆಕ್ಷನ್ ಎಂಬ ಪ್ರಯೋಗದಲ್ಲಿ ಏಜೆಂಟ್ ತಾನೇ ಟೆಸ್ಟ್ ಬರೆದು, ಸೋತಾಗ ಕಾರಣ ಬರೆದುಕೊಂಡು, ಮತ್ತೆ ಪ್ರಯತ್ನಿಸುತ್ತಿತ್ತು. ಹ್ಯೂಮನ್‌ಇವ್ಯಾಲ್ ಎಂಬ ಕೋಡಿಂಗ್ ಪರೀಕ್ಷೆಯಲ್ಲಿ ಜಿಪಿಟಿ-4ರ ಅಂಕ ಶೇ 80ರಿಂದ 91ಕ್ಕೆ ಏರಿತು. ಆಗ ಅದು ದೊಡ್ಡ ಸುದ್ದಿ. ಆದರೆ ಎಂಬಿಪಿಪಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅದೇ ವಿಧಾನ 80.1ರಿಂದ 77.1ಕ್ಕೆ ಇಳಿಸಿತು. ಕಾರಣವನ್ನು ಆ ಸಂಶೋಧಕರೇ ಹೇಳಿದ್ದಾರೆ. ಏಜೆಂಟ್ ಬರೆದ ಟೆಸ್ಟ್‌ಗಳು ತಪ್ಪು ಕೋಡನ್ನೂ ಪಾಸ್ ಮಾಡಿಬಿಡುತ್ತಿದ್ದವು. ಹ್ಯೂಮನ್‌ಇವ್ಯಾಲ್‌ನಲ್ಲಿ ಹಾಗಾದದ್ದು ಶೇ 1.4 ಸಲ, ಎಂಬಿಪಿಪಿಯಲ್ಲಿ 16.3 ಸಲ. ಟೆಸ್ಟ್ ಸಡಿಲವಾಗಿದ್ದರೆ ಏಜೆಂಟ್ "ಮುಗಿಯಿತು" ಎಂದು ಬೇಗ ಕೈಬಿಡುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. "ಕೋಟಿ" ಎಂಬ ಪದದ ಓಕಾರವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಕೂಡಿಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ. "ತೊಂಬತ್ತು" ಪದಕ್ಕೂ ಹೀಗೇ. ಟೆಸ್ಟ್ ಫೇಲ್ ಆಗುತ್ತದೆ, ವರದಿಯಲ್ಲಿ "'ಒಂದು ಕೋಟಿ' ಬಂತು, 'ಒಂದು ಕೋಟಿ' ಬರಬೇಕಿತ್ತು" ಎಂದಿರುತ್ತದೆ. ಪಾಪ, ಏಜೆಂಟ್ ಸರಿ ಇರುವ ಕೋಡನ್ನು ಹಿಡಿದು ಜಗ್ಗಾಡಲು ಶುರು ಮಾಡುತ್ತದೆ. ಹೋಲಿಸುವ ಮೊದಲು ಎರಡೂ ಬದಿಯನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಭಾಗಗಳೆಲ್ಲ ಒಂದೇ ಚಿಹ್ನೆಯಾಗಿ ಕೂಡಿರುವ ರೂಪಕ್ಕೆ, ತಂದುಬಿಡಿ. ಅಕ್ಷರಗಳು ಕೂಡುವುದನ್ನು ತಡೆಯಲು ಸೇರಿಸುವ, ಕಣ್ಣಿಗೆ ಕಾಣದ ಚಿಹ್ನೆಗಳನ್ನೂ ಹೆಚ್ಚುವರಿ ಸ್ಪೇಸ್‌ಗಳನ್ನೂ ತೆಗೆದುಹಾಕಿ. ಟೆಸ್ಟೇ ತಪ್ಪಿದ್ದರೆ ಏಜೆಂಟ್ ಎಷ್ಟು ಜಾಣ ಆಗಿದ್ದರೂ ಪ್ರಯೋಜನವಿಲ್ಲ.

ಹಂತ 4: ರಿವ್ಯೂ ಮಾಡುವವರು ಬೇರೆ ಇರಲಿ

ಯಂತ್ರ ಹಿಡಿಯಬಹುದಾದದ್ದನ್ನೆಲ್ಲ ಹಿಡಿದ ಮೇಲೆ ಮಾತಿನ ರಿವ್ಯೂ. ಇಲ್ಲಿ ಸಮಸ್ಯೆ ಹಳೆಯದು: ಹೆತ್ತವರಿಗೆ ಹೆಗ್ಗಣ ಮುದ್ದು. 2023ರಲ್ಲಿ ಭಾಷಾ ಮಾಡೆಲ್‌ಗಳನ್ನು ತೀರ್ಪುಗಾರರಾಗಿ ಕೂರಿಸಿ ನೋಡಿದ ಅಧ್ಯಯನವೊಂದು ಮೂರು ಒಲವುಗಳನ್ನು ಗುರುತಿಸಿತು. ಎರಡು ಉತ್ತರ ಕೊಟ್ಟರೆ ಯಾವುದು ಮೊದಲಿದೆ ಎಂಬುದರ ಮೇಲೆ ತೀರ್ಪು ವಾಲುತ್ತದೆ. ಉದ್ದದ ಉತ್ತರ ಜಾಸ್ತಿ ಇಷ್ಟವಾಗುತ್ತದೆ. ತಾನೇ ಬರೆದ ಉತ್ತರದ ಕಡೆಗೂ ಒಲವು ಇರುವ ಸೂಚನೆ ಇದೆ. ಹಾಗಂತ ಈ ತೀರ್ಪುಗಾರರು ನಿರುಪಯೋಗಿಗಳಲ್ಲ. ಅದೇ ಅಧ್ಯಯನದಲ್ಲಿ ಜಿಪಿಟಿ-4 ತೀರ್ಪು ಮನುಷ್ಯರ ತೀರ್ಪಿನ ಜೊತೆ ಶೇ 80ಕ್ಕೂ ಹೆಚ್ಚು ಸಲ ಹೊಂದಿಕೆಯಾಗಿತ್ತು. ಒಲವುಗಳನ್ನು ತಡೆಯುವ ಹಾಗೆ ಬಳಸಬೇಕು, ಅಷ್ಟೇ.

ಹೇಗೆ? ರಿವ್ಯೂ ಮಾಡಿಸುವುದನ್ನು ಹೊಸ ಸಂಭಾಷಣೆಯಲ್ಲಿ ಶುರು ಮಾಡಿ. ಕೋಡ್ ಬರೆದಾಗಿನ ಯೋಚನೆ, ಸಮರ್ಥನೆ ಯಾವುದೂ ಅದರ ಮುಂದೆ ಇರಬಾರದು. ಕೆಲಸದ ವಿವರ, ನಿಯಮಗಳು, ಕೋಡ್, ಟೆಸ್ಟ್ ಫಲಿತಾಂಶ, ಇಷ್ಟು ಸಾಕು. ಸಾಧ್ಯವಾದರೆ ಬೇರೆ ಕಂಪನಿಯ ಮಾಡೆಲ್ ಬಳಸಿ. ಎರಡು ಡ್ರಾಫ್ಟ್ ಹೋಲಿಸುವುದಾದರೆ ಜಾಗ ಅದಲುಬದಲು ಮಾಡಿ ಎರಡು ಸಲ ಕೇಳಿ. ಎರಡು ಸಲಕ್ಕೂ ಅದೇ ಉತ್ತರ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೇಳುವ ಧಾಟಿ ಮುಖ್ಯ. "ಈ ಕೋಡ್ ಹೇಗಿದೆ?" ಎಂದರೆ ಹೊಗಳಿಕೆ ಬರುತ್ತದೆ. "ಹತ್ತಕ್ಕೆ ಎಷ್ಟು ಅಂಕ?" ಎಂದರೆ ಎಂಟು ಬರುತ್ತದೆ, ಯಾವಾಗಲೂ ಎಂಟು. ಹೀಗೆ ಕೇಳಿ:

"ಈ ಪ್ರೋಗ್ರಾಂ ಬೇರೆಯವರು ಬರೆದದ್ದು. ಇದು ತಪ್ಪು ಉತ್ತರ ಕೊಡುವ ಸಂಖ್ಯೆಗಳನ್ನು ಹುಡುಕು. ಸಿಕ್ಕ ಪ್ರತಿಯೊಂದಕ್ಕೂ ಮೂರು ವಿಷಯ ಬರೆ: ಸಂಖ್ಯೆ, ಈಗ ಬರುವ ಉತ್ತರ, ಬರಬೇಕಾದ ಉತ್ತರ. ಯಾವ ನಿಯಮ ಮುರಿದಿದೆ ಎಂದೂ ಹೇಳು. ಸಿಗದಿದ್ದರೆ 'ಸಿಗಲಿಲ್ಲ' ಎಂದಷ್ಟೇ ಬರೆ. ಹೊಗಳಿಕೆ ಬೇಡ, ಅಂಕ ಬೇಡ, ಶೈಲಿಯ ಸಲಹೆ ಬೇಡ."

"ಸಿಗದಿದ್ದರೆ" ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ತಪ್ಪು ಹುಡುಕಲೇಬೇಕು ಎಂಬ ಒತ್ತಾಯಕ್ಕೆ ಮಾಡೆಲ್ ಇಲ್ಲದ ತಪ್ಪನ್ನು ಹುಟ್ಟಿಸುತ್ತದೆ. ಹಾಗೆ ಹುಟ್ಟಿದ ತಪ್ಪನ್ನು, ಕೋಡ್ ಬರೆಯುವ ಏಜೆಂಟ್ ನಿಷ್ಠೆಯಿಂದ "ಸರಿಪಡಿಸುತ್ತದೆ". ಮೊದಲಲ್ಲಿ ನೋಡಿದ 95.5ರಿಂದ 89ರ ಇಳಿತಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ಕಟ್ಟುನಿಟ್ಟು: ರಿವ್ಯೂ ಹೇಳಿದ ದೂರನ್ನು ಓಡಿಸಿ ನೋಡದೆ ನಂಬಬೇಡಿ. "10,00,001ಕ್ಕೆ ಉತ್ತರ ತಪ್ಪು ಬರುತ್ತದೆ" ಎಂದಿತಾ? ಆ ಸಂಖ್ಯೆಯನ್ನು ಪ್ರೋಗ್ರಾಂಗೆ ಕೊಡಿ. ಸರಿ ಉತ್ತರ ಬಂದರೆ ದೂರು ವಜಾ. ತಪ್ಪು ಬಂದರೆ ಅದನ್ನು ಪಟ್ಟಿಗೆ ಸೇರಿಸಿ, ಮುಂದಿನ ಎಲ್ಲಾ ಸುತ್ತಿಗೂ ಅದು ಟೆಸ್ಟ್ ಆಗಿ ಉಳಿಯಲಿ. ಅಕ್ಷರರೂಪದ ಬಗ್ಗೆ ದೂರು ಇದ್ದರೆ ಒಬ್ಬ ಕನ್ನಡಿಗರು ಒಮ್ಮೆ ಕಣ್ಣಾಡಿಸಲಿ.

ಹಂತ 5: ತಿದ್ದುವಾಗ ಕೈ ಬಿಗಿಯಿರಲಿ

ಹತ್ತು ದೂರನ್ನು ಒಟ್ಟಿಗೆ ಕೊಟ್ಟರೆ ಏಜೆಂಟ್ ಇಡೀ ಫೈಲನ್ನೇ ಹೊಸದಾಗಿ ಬರೆಯುತ್ತದೆ. ಹಳೆಯ ತಪ್ಪು ಹೋಗಿ ಹೊಸತು ಬರುತ್ತದೆ, ಯಾವ ಬದಲಾವಣೆಯಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಒಂದೇ ಕಾರಣದ ದೂರುಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಒಂದು ತಿದ್ದುಪಡಿ. ತಿದ್ದಿದ ಮೇಲೆ ಎಲ್ಲಾ ಟೆಸ್ಟ್‌ಗಳೂ ಮತ್ತೆ ಓಡಬೇಕು, ಹೊಸದು ಮಾತ್ರವಲ್ಲ.

"1,205ರ ತಪ್ಪು ಸರಿಪಡಿಸು" ಎನ್ನುವುದಕ್ಕಿಂತ "ಇದು ಯಾಕೆ ತಪ್ಪಾಯಿತು, ಇದೇ ಕಾರಣಕ್ಕೆ ಇನ್ನೇನು ತಪ್ಪಾಗಿರಬಹುದು ಎಂದು ಮೊದಲು ಒಂದೆರಡು ಸಾಲಲ್ಲಿ ಹೇಳು, ಆಮೇಲೆ ತಿದ್ದು" ಎನ್ನಿ. ಆಗ ಅದು ಇನ್ನೂರರ ಜೊತೆಗೆ ಮುನ್ನೂರು, ನಾನೂರು, ಐನೂರು, ಒಂಬೈನೂರನ್ನೂ ಒಟ್ಟಿಗೆ ನೋಡುವ ಸಾಧ್ಯತೆ ಜಾಸ್ತಿ.

ಅಂಕ, ಅಂದರೆ ಪಾಸ್ ಆದ ಟೆಸ್ಟ್‌ಗಳ ಸಂಖ್ಯೆ, ಹೆಚ್ಚಾದರೆ ಹೊಸ ಡ್ರಾಫ್ಟ್ ಇಟ್ಟುಕೊಳ್ಳಿ. ಕಡಿಮೆಯಾದರೆ ಹಳೆಯದಕ್ಕೆ ವಾಪಸ್. ಸಮ ಬಂದರೂ ಹಳೆಯದೇ ಇರಲಿ. ಕೊನೆಯ ಡ್ರಾಫ್ಟೇ ಒಳ್ಳೆಯದು ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ಹಂತ 6: ಎಲ್ಲಿ ನಿಲ್ಲಬೇಕು?

ಮೂರು ಷರತ್ತುಗಳಲ್ಲಿ ಯಾವುದು ಮೊದಲು ಬಂದರೆ ಅಲ್ಲಿಗೆ ನಿಲ್ಲಿಸಿ: ಎಲ್ಲಾ ಟೆಸ್ಟ್ ಪಾಸ್ ಆಗಿ ರಿವ್ಯೂ "ಸಿಗಲಿಲ್ಲ" ಎಂದಾಗ, ಎರಡು ಸುತ್ತು ಕಳೆದರೂ ಅಂಕ ಏರದಿದ್ದಾಗ, ಅಥವಾ ಮೊದಲೇ ಗೊತ್ತುಮಾಡಿದ ಸುತ್ತು ಮುಗಿದಾಗ. ಸಾಮಾನ್ಯ ಕೆಲಸಕ್ಕೆ ಮೂರು ನಾಲ್ಕು ಸುತ್ತು ಸಾಕು ಎಂಬುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಆಗದ ಕೆಲಸ ಐದನೇ ಸುತ್ತಿನಲ್ಲಿ ಆಗುವುದು ಅಪರೂಪ. ಆಗ ಸಾಮಾನ್ಯವಾಗಿ ಕೆಲಸದ ವಿವರಣೆಯಲ್ಲೇ ಏನೋ ಬಿಟ್ಟುಹೋಗಿರುತ್ತದೆ.

ಇಲ್ಲಿ ದುಡ್ಡಿನ ಮಾತೂ ಇದೆ. ಪ್ರತಿ ಸುತ್ತಿಗೂ ಕೋಡ್, ನಿಯಮ, ಫಲಿತಾಂಶ ಎಲ್ಲಾ ಮತ್ತೆ ಮಾಡೆಲ್‌ಗೆ ಹೋಗುತ್ತವೆ. ಮಾಡೆಲ್‌ಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಲೆಕ್ಕ ಹಾಕುತ್ತವೆ. ಅದೇ ವಿಷಯಕ್ಕೆ ಕನ್ನಡದಲ್ಲಿ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಬೇಕಾಗುತ್ತದೆ. ಕನ್ನಡದಲ್ಲಿ ನಡೆಸುವ ಲೂಪ್ ಅಷ್ಟರ ಮಟ್ಟಿಗೆ ದುಬಾರಿ.

ಹಾಗಾಗಿ ಒಂದು ಹೋಲಿಕೆ ಮಾಡಿ ನೋಡಲೇಬೇಕು. ನಾಲ್ಕು ಸುತ್ತು ತಿದ್ದಿಸುವ ಬದಲು ಅದೇ ಕೆಲಸವನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಮಾಡಿಸಿ, ಟೆಸ್ಟ್‌ನಲ್ಲಿ ಜಾಸ್ತಿ ಅಂಕ ಬಂದದ್ದನ್ನು ಆರಿಸಿದರೆ? ಲೆಕ್ಕದಂಥ ಕೆಲಸವಾದರೆ ಹೆಚ್ಚು ಸಲ ಬಂದ ಉತ್ತರವನ್ನು ಆರಿಸಿದರೆ? ಮೊದಲು ಹೇಳಿದ ಡೀಪ್‌ಮೈಂಡ್ ಅಧ್ಯಯನದಲ್ಲಿ ಇದನ್ನೂ ನೋಡಿದ್ದರು. ಹಲವು ಏಜೆಂಟ್‌ಗಳು ಒಂದರ ಜೊತೆ ಒಂದು ವಾದ ಮಾಡಿ ತಲುಪಿದ ಉತ್ತರ, ಅಷ್ಟೇ ಸಂಖ್ಯೆಯ ಉತ್ತರಗಳಲ್ಲಿ ಬಹುಮತ ಪಡೆದದ್ದನ್ನು ಆರಿಸುವ ಸರಳ ವಿಧಾನವನ್ನು ಮೀರಿಸಲಿಲ್ಲ. ನಿಮ್ಮ ಲೂಪ್ ಈ ಸರಳ ವಿಧಾನವನ್ನು ಸೋಲಿಸದಿದ್ದರೆ ಲೂಪ್ ಯಾಕೆ ಬೇಕು, ಅಲ್ವಾ?

ಹಂತ 7: ಕಳ್ಳದಾರಿ ಮುಚ್ಚಿ

"ಟೆಸ್ಟ್ ಪಾಸ್ ಮಾಡು" ಎಂದು ಹೇಳಿದರೆ ಏಜೆಂಟ್ ಟೆಸ್ಟ್ ಪಾಸ್ ಮಾಡುತ್ತದೆ. ಪ್ರೋಗ್ರಾಂ ಸರಿಮಾಡುತ್ತದೆ ಎಂದು ಅರ್ಥವಲ್ಲ. ನಮ್ಮ ಉದಾಹರಣೆಯಲ್ಲಿ ಕಳ್ಳದಾರಿ ಹೀಗಿರುತ್ತದೆ: ಸಂಖ್ಯೆ 1,205 ಆದರೆ ಈ ಉತ್ತರ, 2,03,405 ಆದರೆ ಈ ಉತ್ತರ ಎಂದು ಪಟ್ಟಿಯನ್ನೇ ಕೋಡ್ ಒಳಗೆ ಬರೆದುಬಿಡುವುದು. ಇಲ್ಲವೇ ಫೇಲ್ ಆಗುವ ಟೆಸ್ಟನ್ನು "ಇದು ಈಗ ಅನ್ವಯಿಸುವುದಿಲ್ಲ" ಎಂದು ಅಳಿಸುವುದು. ದೋಷ ಬಂದರೆ ಅದನ್ನು ನುಂಗಿ ಖಾಲಿ ಉತ್ತರ ಕೊಡುವುದು.

ಏಜೆಂಟ್‌ಗೆ ದುರುದ್ದೇಶ ಇದೆ ಎಂದಲ್ಲ. ಅಂಕ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ. 2016ರಲ್ಲಿ ಓಪನ್‌ಎಐ ಒಂದು ದೋಣಿ ಪಂದ್ಯದ ಆಟದಲ್ಲಿ ಇದನ್ನು ಕಂಡಿತ್ತು. ಆ ಏಜೆಂಟ್ ಪಂದ್ಯ ಮುಗಿಸುವ ಗೋಜಿಗೇ ಹೋಗದೆ, ಒಂದು ಮೂಲೆಯಲ್ಲಿ ಗಿರಗಿರ ಸುತ್ತುತ್ತಾ, ಬೇರೆ ದೋಣಿಗಳಿಗೆ ಗುದ್ದುತ್ತಾ, ಬೆಂಕಿ ಹತ್ತಿಸಿಕೊಳ್ಳುತ್ತಾ, ಮತ್ತೆ ಮತ್ತೆ ಹುಟ್ಟುವ ಗುರಿಗಳಿಂದ ಅಂಕ ಬಾಚಿತು. ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ 20ರಷ್ಟು ಜಾಸ್ತಿ ಅಂಕ.

ತಡೆಯುವ ಕೆಲಸ ಕಷ್ಟದ್ದಲ್ಲ. ಟೆಸ್ಟ್ ಫೈಲ್‌ಗಳನ್ನು ಏಜೆಂಟ್ ಓದಬಹುದು, ಬರೆಯಬಾರದು. ಇದನ್ನು ಬರೆದು ಕೊಡುವ ಸೂಚನೆಯಾದ ಪ್ರಾಂಪ್ಟ್‌ನಲ್ಲಿ ಬೇಡಿಕೊಂಡರೆ ಸಾಲದು, ಫೈಲಿನ ಅನುಮತಿಯಲ್ಲೇ ಬೀಗ ಹಾಕಿ. ಮೊದಲ ಹಂತದಲ್ಲಿ ಎತ್ತಿಟ್ಟ ಅರ್ಧ ಪಟ್ಟಿಯನ್ನು ಈಗ ಹೊರತೆಗೆದು ಓಡಿಸಿ. ಕಾಣುವ ಪಟ್ಟಿಯಲ್ಲಿ ನೂರಕ್ಕೆ ನೂರು, ಕಾಣದ ಪಟ್ಟಿಯಲ್ಲಿ ಐವತ್ತು ಬಂದರೆ ಏನಾಗಿದೆ ಎಂದು ಬೇರೆ ಹೇಳಬೇಕಿಲ್ಲ. ಆದರೆ ಕಾಣದ ಪಟ್ಟಿಯ ತಪ್ಪುಗಳನ್ನು ಏಜೆಂಟ್‌ಗೆ ತೋರಿಸಿದ ಕ್ಷಣಕ್ಕೆ ಅದು ಕಾಣುವ ಪಟ್ಟಿಯಾಯಿತು. ಮುಂದಿನ ಸಲಕ್ಕೆ ಹೊಸದು ಬರೆಯಬೇಕು.

ಹಂತ 8: ಕಲಿತದ್ದನ್ನು ಬರೆದಿಡಿಸಿ

ಬೇರೆ ಏರ್ಪಾಡು ಇಲ್ಲದಿದ್ದರೆ, ಸಂಭಾಷಣೆ ಮುಗಿದ ಮೇಲೆ ಏಜೆಂಟ್‌ಗೆ ಏನೂ ನೆನಪಿರುವುದಿಲ್ಲ. ಅದಕ್ಕೆ ಒಂದು ಟಿಪ್ಪಣಿ ಫೈಲ್ ಕೊಡಿ. ಕೆಲಸದ ಕೊನೆಗೆ ಅದರಲ್ಲಿ ಬರೆಯಲಿ, ಮುಂದಿನ ಕೆಲಸದ ಮೊದಲಿಗೆ ಓದಲಿ. ಹಾಗೇ ಬಿಟ್ಟರೆ ಬರೆಯುವುದು "ಮುಂದೆ ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕು" ಎಂಬಂಥ ಸಾಲು. ಅದರಿಂದ ಯಾರಿಗೂ ಉಪಯೋಗವಿಲ್ಲ. ಬೇಕಾದದ್ದು ಇಂಥದ್ದು: "200, 300, 400, 500, 900ಕ್ಕೆ ಕೂಡುರೂಪ ಇದೆ. ಅಂಕಿ ಮತ್ತು ನೂರು ಜೋಡಿಸಬೇಡ, ಪಟ್ಟಿಯಿಂದ ತೆಗೆದುಕೊ." "ಕನ್ನಡ ಪಠ್ಯ ಹೋಲಿಸುವ ಮೊದಲು ಎನ್‌ಎಫ್‌ಸಿ ಮಾಡು."

2023ರಲ್ಲಿ ಮೈನ್‌ಕ್ರಾಫ್ಟ್ ಆಟ ಆಡಲು ಮಾಡಿದ ವಾಯೇಜರ್ ಎಂಬ ಏಜೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕೆಲಸ ಆಯಿತು ಎಂದು ಪರಿಶೀಲನೆಯಲ್ಲಿ ಖಚಿತವಾದ ಕೋಡನ್ನು ಮಾತ್ರ ಒಂದು ಕೌಶಲ ಭಂಡಾರಕ್ಕೆ ಸೇರಿಸುತ್ತಿತ್ತು, ಮುಂದೆ ಅದನ್ನೇ ಎತ್ತಿ ಬಳಸುತ್ತಿತ್ತು. ಪರಿಶೀಲನೆ ದಾಟಿದ್ದು ಮಾತ್ರ ನೆನಪಿಗೆ ಹೋಗಬೇಕು ಎಂಬ ನಿಯಮವನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ತಪ್ಪು ಪಾಠ ಒಮ್ಮೆ ಟಿಪ್ಪಣಿ ಫೈಲ್ ಸೇರಿದರೆ ಪ್ರತಿ ಕೆಲಸಕ್ಕೂ ಅಂಟುತ್ತದೆ. ಆಗಾಗ ಆ ಫೈಲನ್ನು ನೀವೇ ಓದಿ, ಹಳೆಯದನ್ನು ಕಿತ್ತುಹಾಕಿ.

ಟೆಸ್ಟ್ ಓಡಿಸಲಾಗದ ಕೆಲಸಗಳಿಗೆ

ಸರ್ಕಾರಿ ಸುತ್ತೋಲೆಯನ್ನು ಸರಳ ಕನ್ನಡದಲ್ಲಿ ಸಾರಾಂಶ ಮಾಡು ಎಂದರೆ? ಓಡಿಸಿ ನೋಡಲು ಏನೂ ಇಲ್ಲ. ಇಲ್ಲಿ ಹೊರಗಿನ ಆಧಾರ ಅಂದರೆ ಮೂಲ ಸುತ್ತೋಲೆಯೇ. 2023ರಲ್ಲಿ ಮೆಟಾ ಕಂಪನಿಯ ಸಂಶೋಧಕರು ತೋರಿಸಿದ ಒಂದು ವಿಧಾನ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಏಜೆಂಟ್ ಮೊದಲು ಸಾರಾಂಶ ಬರೆಯುತ್ತದೆ. ಆಮೇಲೆ ತನ್ನ ಸಾರಾಂಶದ ಪ್ರತಿ ಮಾಹಿತಿಯನ್ನೂ ಒಂದೊಂದು ಪ್ರಶ್ನೆ ಮಾಡುತ್ತದೆ: ಅರ್ಜಿ ಹಾಕಲು ಕೊನೆಯ ದಿನ ಯಾವುದು? ಯಾರಿಗೆ ಅನ್ವಯಿಸುತ್ತದೆ? ಶುಲ್ಕ ಎಷ್ಟು? ನಂತರ ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ, ತಾನು ಬರೆದ ಸಾರಾಂಶವನ್ನು ನೋಡದೆ. ಆ ಕೊನೆಯ ಮಾತೇ ಇದರ ಜೀವ. ಸಾರಾಂಶ ಕಣ್ಣ ಮುಂದಿದ್ದರೆ ಅದರಲ್ಲಿರುವ ತಪ್ಪನ್ನೇ ಉತ್ತರವಾಗಿ ಮತ್ತೆ ಹೇಳಿಬಿಡುತ್ತದೆ.

ನಮ್ಮ ಕೆಲಸಕ್ಕೆ ತಕ್ಕಂತೆ ಒಂದು ನಿಯಮ ಸೇರಿಸಿ: ಪ್ರತಿ ಉತ್ತರದ ಜೊತೆ ಸುತ್ತೋಲೆಯ ಮೂಲ ಸಾಲನ್ನು ಇದ್ದದ್ದು ಇದ್ದ ಹಾಗೆ ಎತ್ತಿ ಕೊಡಬೇಕು. ಆ ಸಾಲು ನಿಜಕ್ಕೂ ಸುತ್ತೋಲೆಯಲ್ಲಿದೆಯಾ ಎಂದು ನೋಡಲು ಮಾಡೆಲ್ ಬೇಕಾಗಿಲ್ಲ, ಸಾಮಾನ್ಯ ಹುಡುಕಾಟ ಸಾಕು. ಸಿಗದಿದ್ದರೆ ಆ ಮಾಹಿತಿಯನ್ನು ಸಾರಾಂಶದಿಂದ ತೆಗೆದುಹಾಕಿ. ಭಾಷೆ ಸರಳವಾಗಿದೆಯಾ, ಓದಲು ಹಿತವಾಗಿದೆಯಾ ಎಂಬುದನ್ನು ಬೇರೆ ಸುತ್ತಿನಲ್ಲಿ ನೋಡಿ. ಆ ಸುತ್ತಿನಲ್ಲಿ ದಿನಾಂಕ, ಮೊತ್ತ, ಹೆಸರು ಮುಟ್ಟಬಾರದು ಎಂದು ಹೇಳಿಡಿ. ಚಂದ ಮಾಡಲು ಹೋಗಿ 15ನೇ ತಾರೀಕನ್ನು "ತಿಂಗಳ ಮಧ್ಯಭಾಗ" ಮಾಡಿಬಿಡುವುದುಂಟು.

"ಈಗಿನ ಮಾಡೆಲ್‌ಗಳು ತಾವೇ ಯೋಚಿಸುತ್ತವಲ್ಲ, ಇಷ್ಟೆಲ್ಲ ಯಾಕೆ?"

ನ್ಯಾಯವಾದ ಪ್ರಶ್ನೆ. 2024ರ ಓಪನ್‌ಎಐ ಓ1, 2025ರ ಜನವರಿಯಲ್ಲಿ ಬಂದ ಡೀಪ್‌ಸೀಕ್ ಆರ್1 ಥರದ ಮಾಡೆಲ್‌ಗಳಿಗೆ ಉತ್ತರ ಕೊಡುವ ಮೊದಲು ಉದ್ದಕ್ಕೆ ಯೋಚಿಸುವ, ನಡುವೆ ನಿಂತು "ತಡಿ, ಇದು ಸರಿಯಿಲ್ಲ" ಎಂದು ಹಿಂದೆ ತಿರುಗುವ ಅಭ್ಯಾಸ ತರಬೇತಿಯಲ್ಲೇ ಬಂದಿದೆ. ಆರ್1ರ ತರಬೇತಿಯಲ್ಲೂ ಗಣಿತ, ಕೋಡಿಂಗ್‌ನಂಥ ಕಡೆ ಉತ್ತರ ಸರಿಯಾ ತಪ್ಪಾ ಎಂದು ಹೊರಗಿನಿಂದ ತಾಳೆ ನೋಡಿಯೇ ಅಂಕ ಕೊಟ್ಟಿದ್ದಾರೆ. 2023ರ ಅಂಕಿಅಂಶಗಳನ್ನು ಇವುಗಳ ಮೇಲೆ ಹಾಗೇ ಹೊರಿಸಲು ಆಗುವುದಿಲ್ಲ. ಆದರೆ ಎಷ್ಟು ಯೋಚಿಸಿದರೂ ನಿಮ್ಮ ರಸೀದಿಯಲ್ಲಿ "ಸಾವಿರ" ಬೇಕಾ "ಒಂದು ಸಾವಿರ" ಬೇಕಾ ಎಂಬುದು ಅವುಗಳಿಗೆ ಹೊಳೆಯುವುದಿಲ್ಲ. ಇಂಥ ಮಾಡೆಲ್ ಬಳಸುವುದಾದರೆ ನಾಲ್ಕನೇ ಹಂತದ ಮಾತಿನ ರಿವ್ಯೂವನ್ನು ಕಡಿಮೆ ಮಾಡಬಹುದು. ಮೊದಲ ಮತ್ತು ಮೂರನೇ ಹಂತವನ್ನು ಬಿಡಲಾಗದು.

ಕೊನೆಯದಾಗಿ, ಯಾವುದನ್ನು ಲೂಪ್ ಒಳಗೆ ಬಿಡಬಾರದು

ಮಾಡಿ, ನೋಡಿ, ತಿದ್ದುವ ಪದ್ಧತಿ ನಡೆಯುವುದು ವಾಪಸ್ ಪಡೆಯಬಹುದಾದ ಕೆಲಸಗಳಿಗೆ ಮಾತ್ರ. ಇಮೇಲ್ ಹೋದ ಮೇಲೆ, ದುಡ್ಡು ವರ್ಗಾವಣೆಯಾದ ಮೇಲೆ, ಡೇಟಾಬೇಸ್ ಅಳಿಸಿದ ಮೇಲೆ ರಿವ್ಯೂ ಮಾಡಿ ಫಲವಿಲ್ಲ. ಇಂಥ ಹೆಜ್ಜೆ ಬಂದಾಗ ಏಜೆಂಟ್ ನಿಂತು, ಏನು ಮಾಡಲಿದ್ದೇನೆ ಎಂದು ತೋರಿಸಿ, ಮನುಷ್ಯರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೇಳುವಾಗ ಅದು ತೋರಿಸುವುದು ತನ್ನ ಸಾರಾಂಶವನ್ನಲ್ಲ, ಆ ನಿಜವಾದ ಮೇಲ್, ಆ ನಿಜವಾದ ಮೊತ್ತ, ಆ ನಿಜವಾದ ಖಾತೆ ಸಂಖ್ಯೆ ಆಗಿರಲಿ. ಮೊತ್ತವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲೂ ತೋರಿಸಲು ಹೇಳಿ. ಒಂದು ಸೊನ್ನೆ ಹೆಚ್ಚಿದ್ದರೆ ಅಕ್ಷರದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.